ಅಲ್ಟಿಮೇಟಮ್ ಗೇಮ್: ‘ನನಗೂ ಬೇಡ, ನಿನಗೂ ಬೇಡ’

ಪರಸ್ಪರ ಗುರುತಿಲ್ಲದ ಇಬ್ಬರು, ನಡುವೆ 100 ರೂಪಾಯಿ. ಒಬ್ಬರು ಪಾಲು ಹೇಳಬೇಕು, ಅದೂ ಒಂದೇ ಸಲ. ಇನ್ನೊಬ್ಬರು ಒಪ್ಪಿದರೆ ಹೇಳಿದಂತೆ ಹಂಚಿಕೆ, ಒಲ್ಲೆ ಎಂದರೆ ಇಬ್ಬರಿಗೂ ಸೊನ್ನೆ. ಚೌಕಾಸಿ ಇಲ್ಲ. 1982ರಲ್ಲಿ ಜರ್ಮನಿಯ ವರ್ನರ್ ಗ್ಯೂತ್ ಮತ್ತು ಸಂಗಡಿಗರು ಪ್ರಕಟಿಸಿದ ಈ ಪ್ರಯೋಗಕ್ಕೆ ಅಲ್ಟಿಮೇಟಮ್ ಗೇಮ್ ಎಂದು ಹೆಸರು.

ಬರೀ ಲೆಕ್ಕ ನೋಡಿದರೆ 10 ರೂಪಾಯಿ ಸಿಕ್ಕರೂ ಲಾಭವೇ. ಜನ ಹಾಗೆ ನಡೆದುಕೊಳ್ಳುವುದಿಲ್ಲ. ಸಾಮಾನ್ಯವಾಗಿ 40ರಿಂದ 50 ಕೊಡುತ್ತಾರೆ. 20ಕ್ಕಿಂತ ಕಡಿಮೆ ಬಂದರೆ ಸುಮಾರು ಅರ್ಧದಷ್ಟು ಸಲ ‘ಬೇಡ’ ಎನ್ನುತ್ತಾರೆ.

ಆ ‘ಬೇಡ’ ತಟ್ಟನೆ ಬಂದದ್ದೋ, ಯೋಚಿಸಿ ಹೇಳಿದ್ದೋ? 2003ರಲ್ಲಿ ಅಲನ್ ಸ್ಯಾನ್‌ಫಿ ತಂಡ ಆಡುವವರ ಮಿದುಳನ್ನು ಸ್ಕ್ಯಾನ್ ಮಾಡಿತು. ಕಡಿಮೆ ಪಾಲು ಕಂಡಾಗ ಇನ್ಸುಲಾ ಚುರುಕಾಯಿತು. ಅಸಹ್ಯ, ನೋವು ಅನುಭವಿಸುವಾಗಲೂ ಚುರುಕಾಗುವ ಭಾಗ ಅದು. ಅಷ್ಟೇ ಕಡಿಮೆ ಪಾಲನ್ನು ಕಂಪ್ಯೂಟರ್ ಕೊಟ್ಟಾಗ ತಿರಸ್ಕರಿಸಿದ್ದು ಕಡಿಮೆ. ಅಂದರೆ ಮೊತ್ತದಷ್ಟೇ ಕೊಟ್ಟವರು ಯಾರೆಂಬುದೂ ಚುಚ್ಚುತ್ತದೆ.

ಇಲ್ಲಿಗೆ ನಿಲ್ಲಿಸಿದರೆ ಎಲ್ಲವೂ ಸಹಜ ಪ್ರವೃತ್ತಿ ಎನ್ನಬೇಕಾಗುತ್ತದೆ. 2006ರ ಜ್ಯೂರಿಕ್ ಪ್ರಯೋಗ ಅದಕ್ಕೆ ತಡೆ ಒಡ್ಡುತ್ತದೆ. 20 ಫ್ರಾಂಕ್‌ನಲ್ಲಿ ಬರೀ 4 ಕೊಡಲು ಬಂದವರಿದ್ದರು. ಪಡೆಯುವವರ ಹಣೆಯ ಹಿಂದಿನ ಬಲಭಾಗವನ್ನು ಕಾಂತೀಯ ಸ್ಪಂದನದಿಂದ ಕೊಂಚ ಹೊತ್ತು ಮಂದಗೊಳಿಸಿದಾಗ ಒಪ್ಪಿಕೊಳ್ಳುವವರು ಹೆಚ್ಚಿದರು. ಕೇಳಿದರೆ ‘ಇದು ಅನ್ಯಾಯ’ ಎಂದೇ ಹೇಳಿದರು, ಹಣ ಮಾತ್ರ ತೆಗೆದುಕೊಂಡರು. ಎದುರಿಗಿರುವ ದುಡ್ಡನ್ನು ಬಿಡುವುದಕ್ಕೂ ಮನಸ್ಸಿನ ಹಿಡಿತ ಬೇಕು ಎಂಬುದು ಇದರಿಂದ ತಿಳಿಯುತ್ತದೆ.

ಆದರೆ 2011ರಲ್ಲಿ ಗ್ರಿಮ್ ಮತ್ತು ಮೆಂಗೆಲ್ ಉತ್ತರವನ್ನು ಸುಮಾರು 10 ನಿಮಿಷ ತಡಮಾಡಿಸಿದಾಗ, ತಕ್ಷಣವಾದರೆ ಬಹುತೇಕ ಯಾರೂ ಒಪ್ಪದ ಪಾಲನ್ನು ದೊಡ್ಡ ಸಂಖ್ಯೆಯ ಜನ ಒಪ್ಪಿದರು. ಸಿಟ್ಟು ಆರಿತ್ತು. ಎರಡನ್ನೂ ಜೊತೆಗಿಟ್ಟು ನೋಡಿದರೆ, ಅನ್ಯಾಯ ಅನ್ನಿಸುವುದು ಬೇಗ. ಅದಕ್ಕಾಗಿ ನಷ್ಟ ಹೊರುವ ತೀರ್ಮಾನಕ್ಕೆ ಸಿಟ್ಟೂ ಬೇಕು, ಹಿಡಿತವೂ ಬೇಕು. ಎಷ್ಟು ಕಡಿಮೆಯಾದರೆ ಅನ್ಯಾಯ ಎಂಬುದನ್ನು ಊರು ಕಲಿಸುತ್ತದೆ: ಪೆರುವಿನ ಮಚಿಗೆಂಗಾ ಜನ ಸರಾಸರಿ 26% ಕೊಟ್ಟರು, ತಿರಸ್ಕಾರ ಅತಿ ವಿರಳ.

ತರಗತಿಯಲ್ಲಿ ಆಡಿಸುವುದಾದರೆ ಒಟ್ಟು ಮೊತ್ತ ಪಡೆಯುವವರಿಗೆ ಗೊತ್ತಿರಲಿ. ಇಲ್ಲವಾದರೆ 20 ಕಡಿಮೆಯೋ ಹೆಚ್ಚೋ ತಿಳಿಯದು. ಅದೇ ಜೋಡಿಯನ್ನು ಮತ್ತೆ ಆಡಿಸಿದರೆ ‘ಬೇಡ’ ಎಂಬುದು ಮುಂದಿನ ಸುತ್ತಿನ ಬೆದರಿಕೆಯಾಗುತ್ತದೆ. ಉತ್ತರಕ್ಕೆ ಹಿಡಿದ ಸೆಕೆಂಡುಗಳನ್ನೂ ಬರೆದಿಡಿ, ‘ಎಷ್ಟು ನ್ಯಾಯ?’ ಎಂಬುದಕ್ಕೆ ಪ್ರತ್ಯೇಕವಾಗಿ ಅಂಕ ಕೇಳಿ.