ನಡುವಿನ ಸಂಪುಟ ಎಳೆಯುತ್ತಿದೆ, ಹಾರಿಸಿ ಮುಂದಕ್ಕೆ ಹೋಗಲೇ?

ಪ್ರಶ್ನೆ: ‘ದಿ ವೀಲ್ ಆಫ್ ಟೈಮ್’ ಎಂಬ ಫ್ಯಾಂಟಸಿ ಕಾದಂಬರಿ ಸರಣಿಯ ಹದಿನಾಲ್ಕು ಸಂಪುಟಗಳಲ್ಲಿ ಎಂಟನೆಯದಕ್ಕೆ ಬಂದಿದ್ದೇನೆ. ಮೊದಲ ಆರನ್ನು ನಿದ್ದೆಗೆಟ್ಟು ಓದಿದ್ದೆ. ಈಗ ಡೊಂಬಿವಲಿಯಲ್ಲಿ ಲೋಕಲ್ ಹತ್ತಿ ಮುಂಬಯಿಯ ಸಿಎಸ್‌ಎಂಟಿ ನಿಲ್ದಾಣದಲ್ಲಿ ಇಳಿಯುವಷ್ಟರಲ್ಲಿ ಹತ್ತು ಪುಟವೂ ಸಾಗುವುದಿಲ್ಲ. ಯಾರು ಯಾರ ಕಡೆಯವರೆಂಬುದೂ ಮರೆತಿದೆ. ನಡುವಿನ ಎರಡು ಮೂರು ಸಂಪುಟ ಬಿಟ್ಟು ನೇರವಾಗಿ ಹನ್ನೊಂದಕ್ಕೆ ಹೋದರೆ ನಷ್ಟವೇನು?

ಉತ್ತರ: ಪುಟಗಳನ್ನು ಧಾರಾಳವಾಗಿ ಬಿಡಿ, ಸಂಪುಟವನ್ನು ಬಿಡಬೇಡಿ. ಆದರೆ ಯಾವ ಪುಟ ಬಿಡಬೇಕೆಂದು ತಿಳಿಯಲು, ಕಥೆ ಯಾಕೆ ನಿಧಾನವಾಯಿತೆಂದು ಮೊದಲು ತಿಳಿಯಬೇಕು. ಎಲ್ಲ ನಿಧಾನವೂ ಒಂದೇ ಜಾತಿಯದಲ್ಲ.

ಕೆಲವು ಸಲ ತಪ್ಪು ಕಥೆಯದ್ದಲ್ಲ, ಕತ್ತರಿಯದ್ದು. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಮೂರು ಕಾದಂಬರಿಗಳೆಂದು ನಾವು ತಿಳಿದಿದ್ದೇವೆ. ಟೋಲ್ಕಿನ್ ಬರೆದದ್ದು ಒಂದನ್ನೇ. ಯುದ್ಧ ಮುಗಿದ ಮೇಲಿನ ಬ್ರಿಟನ್ನಿನಲ್ಲಿ ಕಾಗದ ದುಬಾರಿಯಾಗಿತ್ತು, ಅಷ್ಟು ದಪ್ಪದ ಪುಸ್ತಕ ಮಾರಾಟವಾಗದಿದ್ದರೆ ಎಂಬ ಅಂಜಿಕೆ ಪ್ರಕಾಶಕರಿಗಿತ್ತು. ಹಾಗಾಗಿ 1954–55ರಲ್ಲಿ ಮೂರು ತುಂಡಾಗಿ ಹೊರಬಂತು. ಒಳಗೆ ಅದು ಆರು ಭಾಗಗಳ ಕಥೆ. ನಡುವಿನ ‘ದಿ ಟು ಟವರ್ಸ್’ ಪಾಲಿಗೆ ಬಂದವು ಮೂರನೆಯ ಮತ್ತು ನಾಲ್ಕನೆಯ ಭಾಗಗಳು. ಮೂರನೆಯದರಲ್ಲಿ ಕಥಾನಾಯಕ ಫ್ರೋಡೋ ಇಲ್ಲವೇ ಇಲ್ಲ. ನಾಲ್ಕನೆಯದರಲ್ಲಿ ಫ್ರೋಡೋ ಮತ್ತು ಸ್ಯಾಮ್ ಬಿಟ್ಟರೆ ಹಳೆಯ ಜೊತೆಗಾರರು ಒಬ್ಬರೂ ಇಲ್ಲ. ಆರಂಭವೂ ಇಲ್ಲದ, ಅಂತ್ಯವೂ ಇಲ್ಲದ ಪುಸ್ತಕ ಇದು. 1954ರ ನವೆಂಬರಿನಲ್ಲಿ ಅದನ್ನು ಕೊಂಡವರು ಮುಂದೇನಾಯಿತೆಂದು ತಿಳಿಯಲು ಮರುವರ್ಷದ ಅಕ್ಟೋಬರ್‌ವರೆಗೆ ಕಾದರು. ಇಂಥ ಸಂಪುಟವನ್ನು ಬಿಡುವ ಮಾತೇ ಇಲ್ಲ, ಅದು ಸಂಪುಟವೇ ಅಲ್ಲವಲ್ಲ.

ನಿಮ್ಮ ಸರಣಿಯ ಕಥೆ ಬೇರೆ. ರಾಬರ್ಟ್ ಜೋರ್ಡನ್ 1990ರಲ್ಲಿ ಆರಂಭಿಸಿದ ಈ ಸರಣಿ ನಲವತ್ತು ಲಕ್ಷ ಪದಗಳನ್ನು ದಾಟಿದೆ. ಏಳರಿಂದ ಹತ್ತರವರೆಗಿನ ಸಂಪುಟಗಳು ಕೆಸರಿನಲ್ಲಿ ಕಾಲೆಳೆದಂತೆ ಎಂಬುದು ಅಭಿಮಾನಿಗಳೇ ಒಪ್ಪುವ ಮಾತು. ಕಾರಣ ಸೋಮಾರಿತನವಲ್ಲ, ಪಾತ್ರಗಳ ಸಂತೆ. ಒಂದು ಹಳ್ಳಿಯಿಂದ ಒಟ್ಟಿಗೆ ಹೊರಟ ಹುಡುಗ ಹುಡುಗಿಯರು ಆರನೆಯ ಸಂಪುಟದ ಹೊತ್ತಿಗೆ ಒಬ್ಬೊಬ್ಬರು ಒಂದೊಂದು ದಿಕ್ಕಿನಲ್ಲಿದ್ದಾರೆ; ಪ್ರತಿಯೊಬ್ಬರಿಗೂ ಒಂದು ಸೈನ್ಯ, ಒಂದು ಆಸ್ಥಾನ, ಒಂದಷ್ಟು ಶತ್ರುಗಳು. ಎಲ್ಲರನ್ನೂ ಒಂದೇ ಸಂಪುಟದಲ್ಲಿ ಮುನ್ನಡೆಸಲು ಹೋದರೆ ಪ್ರತಿಯೊಬ್ಬರೂ ಎರಡೆರಡು ಹೆಜ್ಜೆ ಇಡುವಷ್ಟರಲ್ಲಿ ಪುಸ್ತಕ ಮುಗಿಯುತ್ತದೆ. ಹಾಗಾಗಿ ಜೋರ್ಡನ್ ಕೆಲವರನ್ನು ಹೊರಗೆ ಕೂರಿಸಿದರು. ಐದನೆಯದರಲ್ಲಿ ಪೆರಿನ್ ಸುಳಿಯುವುದೇ ಇಲ್ಲ. ಏಳನೆಯದರ ಕೊನೆಯಲ್ಲಿ ಮ್ಯಾಟ್‌ನ ಮೇಲೆ ಗೋಡೆ ಕುಸಿದದ್ದು ನಿಮಗೆ ನೆನಪಿರಬೇಕು. ಎಂಟನೆಯದರಲ್ಲಿ ಅವನ ಸುದ್ದಿಯಿಲ್ಲ. ಆ ಗೋಡೆ ಬಿದ್ದದ್ದು 1996ರಲ್ಲಿ, ಅವನು ಮತ್ತೆ ಕಾಣಿಸಿದ್ದು 2000ದಲ್ಲಿ! ಆಗಿನ ಓದುಗರ ಸಿಟ್ಟಿಗೆ ಅರ್ಧ ಕಾರಣ ಈ ಕಾಯುವಿಕೆಯೇ. ಹದಿನಾಲ್ಕೂ ಸಂಪುಟ ಕಪಾಟಿನಲ್ಲಿರುವ ನಿಮಗೆ ಆ ಅರ್ಧ ಈಗಾಗಲೇ ಮಾಫಿ.

ಉಳಿದ ಅರ್ಧ ಮಾಫಿಯಲ್ಲ. 2003ರಲ್ಲಿ ಬಂದ ಹತ್ತನೆಯ ಸಂಪುಟ ‘ಕ್ರಾಸ್‌ರೋಡ್ಸ್ ಆಫ್ ಟ್ವೈಲೈಟ್’ ನನ್ನ ಲೆಕ್ಕದಲ್ಲಿ ನಿಜವಾಗಿಯೂ ಎಡವಿದ ಪುಸ್ತಕ. ಅದರ ಪ್ರಸ್ತಾವನೆಯೇ ಒಂದು ಕಿರುಕಾದಂಬರಿಯಷ್ಟು ಉದ್ದ. ಒಂಬತ್ತನೆಯದರ ಕೊನೆಯಲ್ಲಿ ಒಂದು ದೊಡ್ಡ ಘಟನೆ ನಡೆಯುತ್ತದೆ, ಏನೆಂದು ಹೇಳುವುದಿಲ್ಲ. ಓದುಗರು ಅದರ ಪರಿಣಾಮಕ್ಕಾಗಿ ತುದಿಗಾಲಲ್ಲಿ ನಿಂತಿದ್ದರೆ, ಹತ್ತನೆಯದು ಗಡಿಯಾರವನ್ನು ಹಿಂದಕ್ಕೆ ತಿರುಗಿಸಿ, ಅದೇ ಹೊತ್ತಿನಲ್ಲಿ ಬೇರೆಬೇರೆ ಊರುಗಳಲ್ಲಿದ್ದವರು ಏನು ಮಾಡುತ್ತಿದ್ದರೆಂದು ಒಬ್ಬೊಬ್ಬರ ಕಣ್ಣಿನಿಂದ ತೋರಿಸುತ್ತದೆ. ಪ್ರತಿಯೊಬ್ಬರೂ ದೂರದಲ್ಲಿ ಏನೋ ಮಹತ್ತಾದದ್ದು ನಡೆಯುತ್ತಿದೆ ಎಂದು ಬೆರಗಾಗುತ್ತಾರೆ. ನಮಗೆ ಅದು ಏನೆಂದು ಗೊತ್ತು. ಅವರಿಗೆ ಗೊತ್ತಾಗುವುದನ್ನು ನಾವು ನೂರಾರು ಪುಟ ಕಾಯಬೇಕು. ಇಲ್ಲಿ ಬೆರಳನ್ನು ವೇಗವಾಗಿ ಓಡಿಸಿದರೆ ಪಾಪವಿಲ್ಲ.

ಇದಕ್ಕೆ ತದ್ವಿರುದ್ಧವಾದ ನಿಧಾನವೂ ಒಂದಿದೆ, ಅವಸರಪಟ್ಟರೆ ನಾವೇ ಕಳೆದುಕೊಳ್ಳುವಂಥದ್ದು. ಜಾರ್ಜ್ ಆರ್. ಆರ್. ಮಾರ್ಟಿನ್ ತಮ್ಮ ‘ಎ ಸಾಂಗ್ ಆಫ್ ಐಸ್ ಅಂಡ್ ಫೈರ್’ ಸರಣಿಯ ಮೂರನೆಯ ಸಂಪುಟದ ನಂತರ ಕಥೆಯಲ್ಲಿ ಐದು ವರ್ಷಗಳ ಅಂತರ ಕೊಡಬೇಕೆಂದಿದ್ದರು. ಮಕ್ಕಳು ದೊಡ್ಡವರಾಗಲಿ ಎಂಬ ಲೆಕ್ಕ. ಬರೆಯುತ್ತಾ ಹೋದಂತೆ, ಕಳೆದ ಐದು ವರ್ಷಗಳಲ್ಲಿ ಏನಾಯಿತೆಂದು ಹಿಂದಿರುಗಿ ಹೇಳುವುದೇ ಕೆಲಸವಾಯಿತು. ಆ ಯೋಚನೆ ಕೈಬಿಟ್ಟರು. ಹಸ್ತಪ್ರತಿ ಒಂದು ಸಂಪುಟಕ್ಕೆ ಹಿಡಿಸದಷ್ಟು ಬೆಳೆದಾಗ ಅದನ್ನು ಕಾಲದ ಪ್ರಕಾರ ಕತ್ತರಿಸದೆ ಊರುಗಳ ಪ್ರಕಾರ, ಪಾತ್ರಗಳ ಪ್ರಕಾರ ಕತ್ತರಿಸಿದರು. 2005ರ ‘ಎ ಫೀಸ್ಟ್ ಫಾರ್ ಕ್ರೋಸ್’ ಹೀಗೆ ಬಂದ ನಾಲ್ಕನೆಯ ಸಂಪುಟ. ಓದುಗರ ಮೆಚ್ಚಿನ ಟಿರಿಯನ್ ಅದರಲ್ಲಿಲ್ಲ, ಡೆನೆರಿಸ್ ಇಲ್ಲ. ಅವರ ಕಥೆ ಮುಂದಿನ ಸಂಪುಟದಲ್ಲಿ, ಬೇಗ ಬರಲಿದೆ ಎಂಬ ಟಿಪ್ಪಣಿಯನ್ನು ಲೇಖಕರು ಕೊನೆಗೆ ಸೇರಿಸಿದರು. ಬಂದದ್ದು 2011ರಲ್ಲಿ.

ಈ ನಾಲ್ಕನೆಯದನ್ನು ಬೈಯುವವರು ಬಹಳ. ಆದರೆ ಅದರಲ್ಲಿ ಮೆರಿಬಾಲ್ಡ್ ಎಂಬ ಬರಿಗಾಲಿನ ಪೂಜಾರಿಯೊಬ್ಬ ಬರುತ್ತಾನೆ. ಅವನ ನಾಯಿಯ ಹೆಸರು ‘ನಾಯಿ’. ಯುದ್ಧ ಹಾಳುಗೆಡವಿದ ನದೀತೀರದ ಹಳ್ಳಿಗಳಲ್ಲಿ ಸುತ್ತುವ ಇವನ ಜೊತೆ ಬ್ರಿಯೆನ್ ಎಂಬ ಯೋಧೆ ಕೆಲವು ದಿನ ನಡೆಯುತ್ತಾಳೆ. ಸೈನ್ಯ ಬಿಟ್ಟು ಓಡಿಹೋಗಿ ಕಾಡಿನಲ್ಲಿ ಕೊಳ್ಳೆ ಹೊಡೆಯುವವರ ಮಾತು ಬಂದಾಗ ಅವನು ಹೇಳತೊಡಗುತ್ತಾನೆ: ಹಳ್ಳಿಯ ಹುಡುಗ ಅಣ್ಣಂದಿರ, ಗೆಳೆಯರ ಜೊತೆ ಹಾಡುಗಳಲ್ಲಿ ಕೇಳಿದ ಯುದ್ಧಕ್ಕೆ ಹೊರಡುವುದು, ಮೊದಲ ಕಾಳಗದಲ್ಲಿಯೇ ಕೆಲವರು ಕುಸಿಯುವುದು, ಹಲವು ಕಾಳಗ ದಾಟಿದವನೂ ಮುಂದಿನ ಒಂದರಲ್ಲಿ ಮುರಿದುಹೋಗುವುದು, ಸತ್ತವರ ಬೂಟು ಕಳಚಿ ತೊಡುವುದು, ಕೊನೆಗೆ ತಾನು ಎಲ್ಲಿದ್ದೇನೆ, ಮನೆ ಯಾವ ಕಡೆ ಎಂಬುದೇ ತಿಳಿಯದಾಗುವುದು. ಕೇಳುತ್ತಿದ್ದ ಬ್ರಿಯೆನ್, ನೀನು ಯುದ್ಧಕ್ಕೆ ಹೋದಾಗ ವಯಸ್ಸೆಷ್ಟು ಎಂದು ಕೇಳುತ್ತಾಳೆ. ಅವನು ಹುಡುಗನಾಗಿದ್ದ. ಕಥೆ ಒಂದಿಂಚೂ ಮುಂದೆ ಸರಿಯಲಿಲ್ಲ. ಆದರೆ ಮೂರು ಸಂಪುಟಗಳ ಉದ್ದಕ್ಕೂ ರಾಜರ ಡೇರೆಗಳಿಂದ ನೋಡಿದ ಯುದ್ಧವನ್ನು ಈಗ ನೆಲದಿಂದ ನೋಡಿದೆವು. ಇಡೀ ಸರಣಿಯಲ್ಲಿ ನಾನು ಮತ್ತೆ ಮತ್ತೆ ತೆರೆಯುವ ಪುಟಗಳು ಇವೇ.

ಇಂಥ ಓದಿಗೆ ಬೇಕಾದ ಅಭ್ಯಾಸ ಮುಂಬಯಿ ಕನ್ನಡಿಗರಿಗೆ ಹೊಸದೂ ಅಲ್ಲ. ಮಳೆಗಾಲದಲ್ಲಿ ಕರಾವಳಿಯ ಕಲಾವಿದರು ಇಲ್ಲಿಗೆ ಬಂದು ತಾಳಮದ್ದಳೆ ನಡೆಸುತ್ತಾರೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ, ಅರ್ಥಧಾರಿಗಳ ಮಾತು, ಅಷ್ಟೇ. ‘ಕೃಷ್ಣ ಸಂಧಾನ’ ಪ್ರಸಂಗವಿದ್ದರೆ ಸಂಧಾನ ಮುರಿಯುತ್ತದೆಂದು ಮುಂದಿನ ಸಾಲಿನ ಅಜ್ಜನಿಗೂ ಗೊತ್ತು, ಹಿಂದೆ ಚಹಾ ಹಂಚುವ ಹುಡುಗನಿಗೂ ಗೊತ್ತು. ಆದರೂ ಗಂಟೆಗಟ್ಟಲೆ ಕೂರುತ್ತಾರೆ, ಕೌರವನ ವಾದಕ್ಕೆ ಇವತ್ತಿನ ಅರ್ಥಧಾರಿ ಯಾವ ಹೊಸ ಪಟ್ಟು ಹಾಕುತ್ತಾನೆಂದು ನೋಡಲು. ನಡುವಿನ ಸಂಪುಟದಲ್ಲಿ ‘ಮುಂದೇನು’ ಎಂಬ ಪ್ರಶ್ನೆಯನ್ನು ತುಸು ಬದಿಗಿಟ್ಟು ‘ಇವನು ಯಾಕೆ ಹೀಗೆ ಹಟ ಹಿಡಿದಿದ್ದಾನೆ’ ಎಂದು ಕೇಳಿಕೊಂಡರೆ, ಆಸ್ಥಾನದ ಉದ್ದುದ್ದ ಮಾತುಕತೆಗಳಿಗೂ ಜೀವ ಬರುತ್ತದೆ. ಆ ಪ್ರಶ್ನೆಗೂ ಉತ್ತರ ಕೊಡದ ಅಧ್ಯಾಯವಾದರೆ ಮುಲಾಜಿಲ್ಲದೆ ಹಾರಿಸಿ.

ಇನ್ನೂ ಒಂದು ಬಗೆಯ ಆಘಾತವಿದೆ. ಸ್ಟೀವನ್ ಎರಿಕ್ಸನ್ ಅವರ ಮಲಾಜನ್ ಸರಣಿಯ ಐದನೆಯ ಸಂಪುಟ ತೆರೆದರೆ ಖಂಡವೇ ಬೇರೆ, ಪಾತ್ರಗಳು ಬಹುಪಾಲು ಹೊಸಬರು. ಹತ್ತರಲ್ಲಿ ಐದು ಎಂದರೆ ಸರಿಯಾಗಿ ನಡು. ನಾಲ್ಕು ದಪ್ಪ ಸಂಪುಟ ಮುಗಿಸಿದವರಿಗೆ ಮತ್ತೆ ಒಂದನೆಯ ತರಗತಿ. ಬೇಸರ ಸಹಜ, ಆದರೆ ಹೊಸ ಕಾದಂಬರಿಯೆಂದೇ ಎಣಿಸಿ ಓದಿದರೆ ಸರಣಿಯಲ್ಲಿ ಅತ್ಯಂತ ಸಲೀಸಾಗಿ ಓದಿಸಿಕೊಳ್ಳುವುದು ಇದೇ.

ಮರೆವಿನ ವಿಷಯಕ್ಕೆ ಬರುತ್ತೇನೆ. ನಿಮ್ಮ ಸಮಸ್ಯೆಯ ದೊಡ್ಡ ಪಾಲು ಇದೇ ಇರಬೇಕೆಂದು ನನ್ನ ಗುಮಾನಿ. ನಿಂತು ಓದುವವರು, ಠಾಣೆ ಸ್ಟೇಷನ್ ಬಂದಾಗ ಪುಸ್ತಕ ಮಡಚುವವರು, ಒಂದು ಸಂಪುಟಕ್ಕೂ ಇನ್ನೊಂದಕ್ಕೂ ನಡುವೆ ಆರು ತಿಂಗಳು ಬಿಡುವವರು ಹೆಸರು ಮರೆಯದೆ ಇರಲು ಸಾಧ್ಯವಿಲ್ಲ. ಮಾಟುಂಗದ ಕಿಂಗ್ಸ್ ಸರ್ಕಲ್‌ನ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಸಿಕ್ಕ ಕ್ರಮದಲ್ಲಿ ಕೊಂಡು, ಕೊಂಡ ಕ್ರಮದಲ್ಲಿ ಓದುವವರ ಪಾಡು ಇನ್ನೂ ಕಷ್ಟ. ಕುಮಾರವ್ಯಾಸ ಪ್ರತಿ ಸಂಧಿಯ ತಲೆಗೆ ‘ಸೂಚನೆ’ ಎಂದು ಮೂರು ಸಾಲಿನಲ್ಲಿ ವಿಷಯ ಹೇಳಿ ಮುಂದುವರಿಯುತ್ತಾನೆ. ಇವತ್ತಿನ ಪ್ರಕಾಶಕರಿಗೆ ಅಷ್ಟು ಕನಿಕರವಿಲ್ಲ. ಹಾಗಾಗಿ ಹೊಸ ಸಂಪುಟಕ್ಕೆ ಮೊದಲು ಹಿಂದಿನದರ ಕೊನೆಯ ಮೂರು ಅಧ್ಯಾಯ ಮತ್ತೆ ಓದಿ. ಜೋರ್ಡನ್ ಪುಸ್ತಕಗಳ ಕೊನೆಯಲ್ಲಿ ಪದಕೋಶವಿದೆ, ಮಾರ್ಟಿನ್‌ರಲ್ಲಿ ಮನೆತನಗಳ ಪಟ್ಟಿಯಿದೆ, ಎರಿಕ್ಸನ್‌ರಲ್ಲಿ ಪಾತ್ರಗಳ ಯಾದಿ ಮೊದಲಿಗೇ ಇದೆ. ಅಲ್ಲಿ ಹುಡುಕಿ. ಮೊಬೈಲಿನಲ್ಲಿ ಮಾತ್ರ ಹೆಸರು ಹುಡುಕಬೇಡಿ: ಅವನು ಯಾರೆಂದು ತಿಳಿಯುವ ಮೊದಲೇ ಅವನನ್ನು ಕೊಂದವರು ಯಾರೆಂದು ಪರದೆ ಹೇಳಿರುತ್ತದೆ.

ಈಗ ನಿಮ್ಮ ಮೂರು ಸಂಪುಟಗಳು. ಕೈಯಲ್ಲಿರುವ ಎಂಟು, ಸರಣಿಯ ಹದಿನಾಲ್ಕರಲ್ಲಿ ಅತ್ಯಂತ ಚಿಕ್ಕದು; ಮುಗಿಸಿಬಿಡಿ. ಒಂಬತ್ತರಲ್ಲಿ ಮ್ಯಾಟ್ ಮರಳುತ್ತಾನೆ, ಪೆರಿನ್‌ಗೆ ಒಂದು ಸಂಕಟ ಗಂಟುಬೀಳುತ್ತದೆ, ಕೊನೆಯ ಅಧ್ಯಾಯ ಮಾತ್ರ ಲೋಕಲ್‌ನಲ್ಲಿ ಓದುವಂಥದ್ದಲ್ಲ, ರಜೆಯ ದಿನಕ್ಕೆ ಇಟ್ಟುಕೊಳ್ಳಿ. ಹತ್ತರಲ್ಲಿ ಮ್ಯಾಟ್ ಇರುವ ಅಧ್ಯಾಯಗಳನ್ನು ಪೂರ್ತಿ ಓದಿ, ಉಳಿದವನ್ನು ಪ್ರತಿ ಅಧ್ಯಾಯದ ಮೊದಲ ಎರಡು, ಕೊನೆಯ ಎರಡು ಪುಟಗಳಿಗೆ ಇಳಿಸಿ. ಆ ಹಳ್ಳಿಯ ಹುಡುಗಿಯರಲ್ಲೊಬ್ಬಳಾದ ಎಗ್ವೀನ್‌ಳ ಕೊನೆಯ ಪುಟಗಳನ್ನು ಮಾತ್ರ ಬಿಡಬೇಡಿ, ಹನ್ನೊಂದರಲ್ಲಿ ಅವಳ ಕಥೆ ಹೊರಡುವುದೇ ಅಲ್ಲಿಂದ. ಪೆರಿನ್‌ನ ಸಂಕಟ ತೀರುವುದೂ 2005ರ ಆ ಹನ್ನೊಂದರಲ್ಲಿಯೇ. ಜೋರ್ಡನ್ ಬದುಕಿದ್ದಾಗ ಪ್ರಕಟವಾದ ಕೊನೆಯ ಸಂಪುಟ ಅದು. 2007ರಲ್ಲಿ ಅವರು ತೀರಿಕೊಂಡರು, ಉಳಿದ ಮೂರನ್ನು ಅವರ ಟಿಪ್ಪಣಿಗಳ ನೆರವಿನಿಂದ ಬ್ರ್ಯಾಂಡನ್ ಸ್ಯಾಂಡರ್ಸನ್ 2013ರ ಹೊತ್ತಿಗೆ ಮುಗಿಸಿದರು. ಹನ್ನೊಂದರಲ್ಲಿ ವೇಗ ಮರಳಿರುತ್ತದೆ. ಅಲ್ಲಿಗೂ ಹತ್ತು ಪುಟ ಸಾಗದಿದ್ದರೆ ಸರಣಿಯನ್ನೇ ಬಿಡಿ.