ಬರೆನ್ ಗುಡ್ಡದಲ್ಲಿ ಜೆನ್ಶಿಯನ್ ಹುಡುಕುವಾಗ: ಅಧ್ಯಯನ ಟಿಪ್ಪಣಿ

ಬರೆನ್ ಇರುವುದು ಐರ್ಲೆಂಡಿನ ಪಶ್ಚಿಮ ಕರಾವಳಿಯ ಕ್ಲೇರ್ ಕೌಂಟಿಯಲ್ಲಿ. ನಮ್ಮ ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲಿನಂತೆ ಅಲ್ಲಿನದೂ ಸುಣ್ಣಕಲ್ಲು. ಬಂಡೆಯ ಚಪ್ಪಡಿಗಳಿಗೆ ಕ್ಲಿಂಟ್, ನಡುವಿನ ಆಳವಾದ ಸೀಳುಗಳಿಗೆ ಗ್ರೈಕ್ ಎಂದು ಹೆಸರು. ವಸಂತದ ಜೆನ್ಶಿಯನ್ (ಜೆಂಶಿಯಾನಾ ವರ್ನಾ) ಎಂಬ ಪುಟ್ಟ ನೀಲಿ ಹೂವು ಅಲ್ಲಿ ಏಪ್ರಿಲ್‌ನಿಂದ ಜೂನ್ ಮೊದಲ ದಿನಗಳವರೆಗೆ ಅರಳುತ್ತದೆ.

ನಾನು ಎಡವಿದ ಹಂತ

ಸುಣ್ಣವಿರುವ ಮಣ್ಣು ಸಾರವತ್ತಾದ ಮಣ್ಣು ಎಂಬ ಎಣಿಕೆಯಲ್ಲಿ, ಹುಲ್ಲು ಸೊಂಪಾಗಿರುವಲ್ಲೇ ಅಪರೂಪದ ಹೂವೂ ಇರಬೇಕೆಂದು ನಾನು ತೀರ್ಮಾನಿಸಿದ್ದೆ. ಈ ತರ್ಕ ಪೂರ್ತಿ ತಲೆಕೆಳಗು. ಸುಣ್ಣಕಲ್ಲು ಮಳೆನೀರಿನಲ್ಲಿ ಕರಗಿ ನೀರಿನೊಂದಿಗೇ ಸೀಳುಗಳಿಗೆ ಇಳಿದುಹೋಗುವುದರಿಂದ ಬಂಡೆಯ ಮೇಲೆ ಉಳಿಯುವ ಮಣ್ಣಿನ ಪದರ ಬಹಳ ತೆಳು. ಆ ಕ್ಷಾರೀಯ ಮಣ್ಣಿನಲ್ಲಿರುವ ಅಲ್ಪಸ್ವಲ್ಪ ರಂಜಕವೂ ಕ್ಯಾಲ್ಸಿಯಂ ಜೊತೆ ಬೆಸೆದುಕೊಂಡು ಬೇರುಗಳಿಗೆ ಸುಲಭವಾಗಿ ದಕ್ಕುವುದಿಲ್ಲ. ಹೀಗಾಗಿ ಹುಲ್ಲು ಕೃಶವಾಗಿಯೇ ಉಳಿಯುತ್ತದೆ. ಕೆಲವೇ ಸೆಂಟಿಮೀಟರ್ ಎತ್ತರದ ಜೆನ್ಶಿಯನ್‌ಗೆ ಬಿಸಿಲು ಸಿಗುವುದು ಆ ಕೊರತೆಯಿಂದಲೇ. ಅಂದರೆ ಸುಣ್ಣವು ಈ ಗಿಡವನ್ನು ಪೋಷಿಸುವುದಕ್ಕಿಂತ ಹೆಚ್ಚಾಗಿ ಅದರ ಎದುರಾಳಿಗಳನ್ನು ತಡೆಯುತ್ತದೆ. ಈ ವಾಕ್ಯವನ್ನು ಬರೆದುಕೊಳ್ಳುವವರೆಗೂ ನನಗೆ ವಿಷಯ ನಾಟಿರಲಿಲ್ಲ.

ಇದಕ್ಕೆ ದನಗಳನ್ನೂ ಸೇರಿಸಬೇಕು. ಆಲ್ಪ್ಸ್‌ನಲ್ಲಿ ಬೇಸಿಗೆಗೆ ದನಗಳನ್ನು ಮೇಲಕ್ಕೆ ಹೊಡೆದರೆ, ಬರೆನ್ ರೈತರು ಚಳಿಗಾಲಕ್ಕೆ ಹೊಡೆಯುತ್ತಾರೆ. ಈ ಗುಡ್ಡದ ಮೇವಿಗೆ ವಿಂಟರೇಜ್ ಎನ್ನುತ್ತಾರೆ. ಕಲ್ಲಿನ ನೆಲದಲ್ಲಿ ನೀರು ನಿಲ್ಲದು, ಬೇಸಿಗೆಯಲ್ಲಿ ಹೀರಿದ ಶಾಖವನ್ನು ಬಂಡೆ ನಿಧಾನವಾಗಿ ಬಿಟ್ಟುಕೊಡುತ್ತದೆ, ಆದ್ದರಿಂದ ಚಳಿಯಲ್ಲೂ ದನಗಳು ಅಲ್ಲಿ ಇರಬಲ್ಲವು. ಅವು ಒಣಹುಲ್ಲನ್ನು ಮೇಯ್ದು ವಸಂತಕ್ಕೆ ಕೆಳಗಿಳಿಯುವುದರಿಂದ ಹೂವುಗಳಿಗೆ ಬೆಳಕೂ ಸಿಗುತ್ತದೆ, ಬಾಯಿಗೆ ಸಿಕ್ಕುವ ಅಪಾಯವೂ ತಪ್ಪುತ್ತದೆ. ಮೇಯಿಸುವುದು ನಿಂತಲ್ಲಿ ಹೇಝಲ್ ಪೊದೆ ಹಬ್ಬುತ್ತದೆ. ಆದ್ದರಿಂದ ನನ್ನ ಅಚ್ಚುಮೆಚ್ಚಿನ ಸುಳುಹು: ಕ್ಲಿಂಟ್ ಅಂಚಿನ ಗಿಡ್ಡ ಹುಲ್ಲಿನಲ್ಲಿ ಒಣಗಿದ ಹಳೆಯ ಸಗಣಿ ಕಂಡರೆ ಅಲ್ಲೇ ಮೊಣಕಾಲೂರಿ ಹುಡುಕಬೇಕು.

ಗುರುತು

ಕಡುನೀಲಿ ಬಣ್ಣ, ಐದು ಹಾಲೆ, ಬಿಳಿಯ ಗಂಟಲು. ಅಲ್ಲೇ ಬೆಳೆಯುವ ಕಾಡು ವಯಲೆಟ್ ಹೂವಿನ ಎಸಳುಗಳು ಅಸಮವಾಗಿದ್ದು ಹಿಂದೆ ಕೊಂಬಿನಂಥ ಚಾಚು ಇರುತ್ತದೆ, ಜೆನ್ಶಿಯನ್‌ಗೆ ಅದಿಲ್ಲ. ಗಾಯಕ್ಕೆ ಹಚ್ಚುವ ಜೆನ್ಶಿಯನ್ ವಯಲೆಟ್‌ಗೆ ಈ ಹೂಗಳ ಬಣ್ಣದಿಂದ ಹೆಸರು ಬಂದಿದೆಯೇ ಹೊರತು ಅದನ್ನು ಇವುಗಳಿಂದ ತಯಾರಿಸುವುದಿಲ್ಲ.

ಮೋಡ ಕವಿದರೆ ಹೂವು ತಿರುಚಿದ ಸಣ್ಣ ಕೊಳವೆಯಂತೆ ಮುಚ್ಚಿಕೊಂಡು ಹುಲ್ಲಿನಲ್ಲಿ ಮರೆಯಾಗುತ್ತದೆ. ಅಂಥ ದಿನ ಬರಿಗೈಯಲ್ಲಿ ಬಂದ ಜಾಗವನ್ನು ಪಟ್ಟಿಯಿಂದ ಅಳಿಸದೆ, ಬಿಸಿಲಿರುವ ಮಧ್ಯಾಹ್ನ ಮತ್ತೊಮ್ಮೆ ನೋಡಬೇಕು.