ಸ್ನೈಪರ್: ಗುಂಡು ಹಾರಿಸುವುದು ಕೊನೆಯ ಕೆಲಸ

ಗುರಿ ತಪ್ಪದೆ ಹೊಡೆಯುವವರೆಲ್ಲ ಸ್ನೈಪರ್‌ಗಳಲ್ಲ. ಸೇನೆಯ ಲೆಕ್ಕದಲ್ಲಿ ಸ್ನೈಪರ್ ಎಂದರೆ ಶತ್ರುವಿನ ಕಣ್ಣಿಗೆ ಬೀಳದಂತೆ ಅಡಗಿ, ಗಂಟೆಗಟ್ಟಲೆ ಗಮನಿಸಿ, ಕಂಡದ್ದನ್ನು ತನ್ನ ತುಕಡಿಗೆ ತಿಳಿಸುತ್ತ, ಅಗತ್ಯ ಬಿದ್ದಾಗಷ್ಟೇ ಬಹುದೂರದಿಂದ ಗುಂಡು ಹಾರಿಸುವ ಯೋಧ. ಸಾಮಾನ್ಯವಾಗಿ ಆತ ಒಂಟಿಯಾಗಿರುವುದಿಲ್ಲ. ಪಕ್ಕದಲ್ಲಿ ದುರ್ಬೀನು ಹಿಡಿದ ಸ್ಪಾಟರ್ ಇರುತ್ತಾನೆ. ದೂರ ಅಳೆಯುವುದು, ಗಾಳಿಯನ್ನು ಅಂದಾಜು ಮಾಡುವುದು, ಗುಂಡು ಎಲ್ಲಿ ಬಿತ್ತೆಂದು ಹೇಳುವುದು ಅವನ ಕೆಲಸ. ತುಕಡಿಯ ಜೊತೆಗೇ ಸಾಗುತ್ತ ಉಳಿದವರಿಗಿಂತ ಒಂದಿಷ್ಟು ದೂರಕ್ಕೆ ಹೊಡೆಯುವವನು ಮಾರ್ಕ್ಸ್‌ಮನ್. ನಮ್ಮ ಸೇನೆ ದಶಕಗಳ ಕಾಲ ಸ್ನೈಪರ್ ರೈಫಲ್ ಆಗಿ ಬಳಸಿದ ರಷ್ಯಾದ ಡ್ರಾಗುನೋವ್ ರೂಪುಗೊಂಡದ್ದು ಮುಖ್ಯವಾಗಿ ಆ ಪಾತ್ರಕ್ಕೆ.

ಈ ಪದ ಹುಟ್ಟಿದ್ದು ಭಾರತದ ನೆಲದಲ್ಲೇ. 18ನೇ ಶತಮಾನದಲ್ಲಿ ಇಲ್ಲಿದ್ದ ಬ್ರಿಟಿಷ್ ಅಧಿಕಾರಿಗಳು ಜೌಗು ನೆಲದ ಸ್ನೈಪ್ ಹಕ್ಕಿಯ ಬೇಟೆಗೆ ಹೋಗುವುದನ್ನು ‘ಸ್ನೈಪಿಂಗ್’ ಎಂದು ಕರೆಯುತ್ತಿದ್ದರು. ಸುತ್ತಲಿನ ಬಣ್ಣದಲ್ಲೇ ಕಲೆತುಹೋಗುವ, ಎದ್ದರೆ ಅಂಕುಡೊಂಕಾಗಿ ಹಾರುವ ಹಕ್ಕಿ ಅದು.

ಇನ್ನು ಗುಂಡಿನ ಮಾತು. ಅದು ನೇರವಾಗಿ ಹೋಗುತ್ತದೆ ಎಂದು ನಾವು ತಿಳಿದಿರುತ್ತೇವೆ, ಆದರೆ ನಳಿಕೆ ಬಿಟ್ಟ ಕ್ಷಣದಿಂದಲೇ ಅದು ಬೀಳತೊಡಗುತ್ತದೆ. 7.62 ಮಿ.ಮೀ. ನ್ಯಾಟೋ ಗುಂಡು ಸೆಕೆಂಡಿಗೆ ಸುಮಾರು 790 ಮೀಟರ್ ವೇಗದಲ್ಲಿ ಹೊರಡುತ್ತದೆ ಎನ್ನಿ. ರೈಫಲ್ ಮೇಲಿನ ಸ್ಕೋಪನ್ನು (ಗುರಿ ನೋಡುವ ದುರ್ಬೀನು) 100 ಮೀಟರ್‌ಗೆ ಹೊಂದಿಸಿ, ಮತ್ತೆ ಸರಿಹೊಂದಿಸದೆ ಅದನ್ನು 1000 ಮೀಟರ್ ದೂರದ ಗುರಿಗೆ ಹಾರಿಸಿದರೆ 11-12 ಮೀಟರ್ ಕೆಳಗೆ, ಅಂದರೆ ಮೂರಂತಸ್ತಿನ ಮನೆಯಷ್ಟು ಕೆಳಗೆ, ಬೀಳುತ್ತದೆ. ಈ ಲೆಕ್ಕವನ್ನು ಕೋಷ್ಟಕ ನೋಡಿ ಸರಿಪಡಿಸಬಹುದು. ತಲೆನೋವು ಗಾಳಿಯದು. ಗಂಟೆಗೆ 16 ಕಿ.ಮೀ. ವೇಗದ ಅಡ್ಡಗಾಳಿ ಸಾಕು, ಅಷ್ಟು ದೂರದಲ್ಲಿ ಗುಂಡು ಎರಡೂವರೆ ಮೀಟರ್ ಪಕ್ಕಕ್ಕೆ ಸರಿಯುತ್ತದೆ. ಅದೂ ದಾರಿಯುದ್ದಕ್ಕೂ ಒಂದೇ ಗಾಳಿ ಇರುವುದಿಲ್ಲ: ಮಲಗಿದ ಕಡೆ ಎಲೆ ಅಲ್ಲಾಡದಿದ್ದರೂ ನಡುವಿನ ಕಣಿವೆಯಲ್ಲಿ ಜೋರಾಗಿ ಬೀಸುತ್ತಿರಬಹುದು. ಹಾಗಾಗಿ ಸ್ಪಾಟರ್ ಹುಲ್ಲು, ಹೊಗೆ, ದೂಳು ನೋಡುತ್ತಾನೆ. ಬಿಸಿಲಿದ್ದರೆ ನೆಲದಿಂದೇಳುವ ಝಳವನ್ನೂ ನೋಡುತ್ತಾನೆ. ದುರ್ಬೀನಿನಲ್ಲಿ ಝಳ ನೆಟ್ಟಗೆ ಮೇಲೇಳುತ್ತಿದ್ದರೆ ಅಡ್ಡಗಾಳಿ ಇಲ್ಲ; ವಾಲಿದರೆ ವಾಲಿದ ಕಡೆಗೆ ಗಾಳಿ; ನೆಲಕ್ಕಂಟಿ ಅಡ್ಡ ಹರಿದರೆ ಗಾಳಿ ಬಲವಾಗಿದೆ ಎಂದರ್ಥ. ಈ ಕಲೆ ಯಂತ್ರಗಳ ಕಾಲದಲ್ಲೂ ಅಳಿದಿಲ್ಲ ಎಂಬುದು ನನಗೆ ಬಹಳ ಮೆಚ್ಚುಗೆಯ ಸಂಗತಿ.

ನಳಿಕೆಯೊಳಗಿನ ಸುರುಳಿ ಗೀರುಗಳು ಗುಂಡನ್ನು ಸೆಕೆಂಡಿಗೆ ಎರಡೂವರೆ ಸಾವಿರ ಸುತ್ತಿನಷ್ಟು ತಿರುಗಿಸಿ ಸ್ಥಿರವಾಗಿಡುತ್ತವೆ. ಆದರೂ ವೇಗ ಕುಸಿದು ಶಬ್ದದ ವೇಗಕ್ಕೆ ಸಮೀಪಿಸಿದಾಗ ಗುಂಡು ತೊನೆಯಬಹುದು. 7.62ರ ಗುಂಡಿಗೆ ಆ ಗಡಿ 1000 ಮೀಟರ್ ಆಸುಪಾಸಿನಲ್ಲೇ ಬರುತ್ತದೆ. ಅದಕ್ಕೇ .338 ಲಾಪುವಾ ಮ್ಯಾಗ್ನಮ್‌ನಂಥ ಭಾರದ ಗುಂಡುಗಳು ಬಂದವು. ಅದನ್ನು ಹಾರಿಸುವ ಫಿನ್ಲೆಂಡಿನ ಸಾಕೋ ಟಿಆರ್‌ಜಿ 42 ನಮ್ಮ ಗಡಿ ನಿಯಂತ್ರಣ ರೇಖೆಯಲ್ಲಿದೆ. ಬೆಂಗಳೂರಿನ ಎಸ್‌ಎಸ್‌ಎಸ್ ಡಿಫೆನ್ಸ್ ತಯಾರಿಸುವ ಸೇಬರ್ ರೈಫಲ್‌ಗೂ ಅದೇ ಗುಂಡು. ಲಡಾಖಿನಂಥ ಎತ್ತರದಲ್ಲಿ ಗಾಳಿ ತೆಳು, ತಡೆ ಕಡಿಮೆ. ಬಯಲಲ್ಲಿ ಹೊಂದಿಸಿದ ಲೆಕ್ಕವನ್ನೇ ಅಲ್ಲಿ ನಂಬಿದರೆ ದೂರದ ಗುಂಡು ಗುರಿಯ ಮೇಲಿಂದ ಹೋದೀತು.

ಇಷ್ಟೆಲ್ಲ ಕಲಿಸಬಹುದು. ಮನಸ್ಸನ್ನು ಮಾತ್ರ ಆರಿಸಿಯೇ ತರಬೇಕು. 1939-40ರಲ್ಲಿ ಫಿನ್ಲೆಂಡ್ ಮತ್ತು ಸೋವಿಯತ್ ಒಕ್ಕೂಟದ ನಡುವೆ ನಡೆದ ಚಳಿಗಾಲದ ಯುದ್ಧದಲ್ಲಿ ಕೊಲ್ಲಾ ರಂಗದಲ್ಲಿದ್ದ ಫಿನ್ಲೆಂಡಿನ ರೈತ ಸಿಮೊ ಹ್ಯಾಯ್ಹಾ 500ಕ್ಕೂ ಹೆಚ್ಚು ಸೋವಿಯತ್ ಸೈನಿಕರನ್ನು ಕೊಂದನೆಂದು ಹೇಳುತ್ತಾರೆ. ಜನ ಸಂಖ್ಯೆಯನ್ನಷ್ಟೇ ನೆನಪಿಡುತ್ತಾರೆ; ನಾನು ಗಮನಿಸುವುದು ಅವನ ಸಂಯಮವನ್ನು. ಸ್ಕೋಪ್ ಇಟ್ಟರೆ ತಲೆ ಇನ್ನಷ್ಟು ಎತ್ತಬೇಕು, ಗಾಜು ಮಿನುಗಬಹುದು ಎಂದು ಆತ ಬರಿಯ ಕಬ್ಬಿಣದ ಸೈಟ್‌ನಲ್ಲೇ ಗುರಿಯಿಟ್ಟ. ಉಸಿರಿನ ಹಬೆ ಕಾಣದಿರಲೆಂದು ಬಾಯಲ್ಲಿ ಹಿಮ ಇಟ್ಟುಕೊಳ್ಳುತ್ತಿದ್ದ. ಕೊರೆಯುವ ಚಳಿಯಲ್ಲಿ ಇಷ್ಟು ಎಚ್ಚರದಿಂದ ಕಾಯಲು ಕೋಪ ನೆರವಾಗದು.

ಸೇಡು ತೀರಿಸಬೇಕೆಂದು ಬರುವವನು, ಕೊಂದ ಸಂಖ್ಯೆ ಎಣಿಸಿ ಖುಷಿಪಡುವವನು ಈ ಕೆಲಸಕ್ಕೆ ಸಲ್ಲ. ಅಂಥವನು ಬೇಗ ಹಾರಿಸುತ್ತಾನೆ, ಒಂದು ಗುಂಡಿನಿಂದ ಅಡಗುದಾಣವನ್ನೇ ಬಿಟ್ಟುಕೊಡುತ್ತಾನೆ. ಫಿರಂಗಿ ಹಾರಿಸುವವನಿಗೆ ಸಾಯುವವನ ಮುಖ ಕಾಣದು. ಸ್ನೈಪರ್‌ಗೆ ಕಾಣುತ್ತದೆ, ಎದುರಿನವನು ಚಹಾ ಕುಡಿಯುವುದೂ ಕಾಣುತ್ತದೆ. ಎರಡನೇ ಇಂತಿಫಾದಾದಲ್ಲಿ, ಅಂದರೆ ಇಸ್ರೇಲ್ ವಿರುದ್ಧದ ಪ್ಯಾಲೆಸ್ಟೀನಿಯರ ದಂಗೆಯ ಕಾಲದಲ್ಲಿ, ಇದ್ದ ಇಸ್ರೇಲಿ ಸ್ನೈಪರ್‌ಗಳನ್ನು ಸಂದರ್ಶಿಸಿದ ಸಂಶೋಧಕರು, ಎದುರಿಗಿರುವವನನ್ನು ಮನುಷ್ಯನೆಂದು ಕಂಡೇ ಕೊಲ್ಲುವವರು ಅವರಲ್ಲಿದ್ದುದನ್ನು ಗುರುತಿಸಿದರು. ಆ ಭಾರ ಹೊರಬಲ್ಲವನೇ ಎಂದು ಮೊದಲೇ ನೋಡಬೇಕಾದ್ದು ಸೇನೆಯ ಹೊಣೆ. ಆ ಹೊಣೆಯನ್ನು ಹಗುರವಾಗಿ ನೋಡುವಂತಿಲ್ಲ.

ತರಬೇತಿಯಲ್ಲೂ ಗುಂಡಿನ ಅಂಕವಷ್ಟೇ ಸಾಲದು. ದುರ್ಬೀನು ಹಿಡಿದ ತರಬೇತುದಾರರಿಗೆ ಕಾಣದಂತೆ ಸುಮಾರು ಇನ್ನೂರು ಮೀಟರ್‌ವರೆಗೆ ತೆವಳಿ ಬರುವ ಪರೀಕ್ಷೆ ಇರುತ್ತದೆ. ಇನ್ನೊಂದು, ಕಿಮ್ಸ್ ಗೇಮ್. ಬಟ್ಟೆ ಮುಚ್ಚಿದ ಒಂದಷ್ಟು ಸಾಮಾನುಗಳನ್ನು ಸ್ವಲ್ಪ ಹೊತ್ತು ತೆರೆದು ತೋರಿಸಿ ಮತ್ತೆ ಮುಚ್ಚುತ್ತಾರೆ. ಮೈ ದಣಿಸುವ ಬೇರೆ ಕೆಲಸ ಕೊಟ್ಟು, ಆಮೇಲೆ ಪ್ರತಿಯೊಂದರ ಗಾತ್ರ, ಬಣ್ಣ, ಸ್ಥಿತಿ ಬರೆಯಿರಿ ಎನ್ನುತ್ತಾರೆ.